ಮಹಾಯುದ್ಧಕ್ಕೆ ಸ್ಯಾಂಡ್‌ವಿಚ್ ಕಾರಣವಲ್ಲ

‘ಹುಡುಗನೊಬ್ಬ ಸ್ಯಾಂಡ್‌ವಿಚ್ ತಿನ್ನೋಕೆ ಹೋದ, ಯುವರಾಜನ ಕಾರು ಎದುರಿಗೇ ಬಂದು ನಿಂತಿತು, ಮೊದಲ ಮಹಾಯುದ್ಧ ಶುರುವಾಯಿತು’ ಎಂಬ ಸಂದೇಶ ಓಡಾಡುತ್ತಿದೆ. ಕೇಳೋಕೆ ಮಜವಾಗಿದೆ, ಅಲ್ವಾ? ಆದರೆ ಸ್ಯಾಂಡ್‌ವಿಚ್ ಸುಮ್ನೆ ಕಟ್ಟಿದ ಕಥೆ.

1914ರ ಜೂನ್ 28ರಂದು ಬೋಸ್ನಿಯಾದ ಸರಾಯೆವೊ ನಗರದಲ್ಲಿ ಆ ಹುಡುಗ, ಗವ್ರಿಲೊ ಪ್ರಿನ್ಸಿಪ್, ಯುವರಾಜನನ್ನು ಕೊಲ್ಲಲು ನಿಂತಿದ್ದು ಯುವರಾಜ ಸಾಗುವ, ಮೊದಲೇ ಪ್ರಕಟವಾಗಿದ್ದ ದಾರಿಯಲ್ಲಿ. ಹತ್ತಿರ ತಿಂಡಿ ಅಂಗಡಿ ಇದ್ದದ್ದು ನಿಜ. ಬೆಳಿಗ್ಗೆ ಜೊತೆಗಾರ ಎಸೆದ ಬಾಂಬ್ ಗುರಿ ತಪ್ಪಿತ್ತು. ಗಾಯಗೊಂಡವರನ್ನು ನೋಡಲು ಆಸ್ಟ್ರಿಯಾ-ಹಂಗೇರಿಯ ಯುವರಾಜ ಫ್ರಾಂಜ್ ಫರ್ಡಿನಾಂಡ್ ಆಸ್ಪತ್ರೆಗೆ ಹೊರಟರು. ದಾರಿ ಬದಲಾದದ್ದನ್ನು ಡ್ರೈವರ್‌ಗೇ ಯಾರೂ ಹೇಳಿರಲಿಲ್ಲ! ಹಳೇ ದಾರಿಗೆ ತಿರುಗಿದ ಕಾರು ಲ್ಯಾಟಿನ್ ಸೇತುವೆಯ ಬಳಿ ನಿಂತಿತು. ಪ್ರಿನ್ಸಿಪ್‌ನ ಎರಡು ಗುಂಡು ಹಾರಿದವು, ಯುವರಾಜ ಸತ್ತರು.

ಯುದ್ಧ ಘೋಷಣೆಯಾಗಿದ್ದು ಒಂದು ತಿಂಗಳ ನಂತರ, ಜುಲೈ 28ಕ್ಕೆ. ಅಷ್ಟರಲ್ಲಿ, ಕೊಲೆಗೆ ಸರ್ಬಿಯಾವನ್ನು ದೂರಿದ ಆಸ್ಟ್ರಿಯಾ ಜರ್ಮನಿಯ ಬೆಂಬಲ ಪಡೆದು, ಸರ್ಬಿಯಾಗೆ 48 ಗಂಟೆಗಳ ಗಡುವು ಕೊಟ್ಟಿತ್ತು.