ನಾಲ್ಕು ಗಂಟೆಯ ಕಡ್ಡಾಯ ಹರಟೆ

ಶುಕ್ರವಾರ ಸಂಜೆ ನಾಲ್ಕಕ್ಕೆ ನಮ್ಮ ಕಂಪನಿಯವರೆಲ್ಲರೂ ಅವರವರ ಮನೆಯಲ್ಲೇ ಚಹಾ ಕಪ್ ಹಿಡಿದು, ಕ್ಯಾಮೆರಾ ಆನ್ ಮಾಡಿಕೊಂಡು ಕೂರಬೇಕಂತೆ. ಕೆಲಸದ ಮಾತು ಎತ್ತುವಂತಿಲ್ಲ, ಬರೀ ಹರಟೆ. ಬಾರದವರು ಮೊದಲೇ ಕಾರಣ ತಿಳಿಸಬೇಕು. ಚಹಾ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಬಳ್ಳಾರಿಯಲ್ಲಿ 40 ಡಿಗ್ರಿ ಬಿಸಿಲಿದ್ದರೂ ಯಾರೂ ಚಹಾ ಬಿಟ್ಟವರಲ್ಲ. ಆದರೆ ಹರಟೆಗೂ ಹಾಜರಿ ಹಾಕ್ತಾರೆ ಅಂದ್ರೆ ಹೇಗೆ?

ಅಲ್ಲಿ ನಡೆಯುವುದಾದರೂ ಏನು? ಚೌಕ ಚೌಕದಲ್ಲಿ ಒಂದೊಂದು ಮುಖ. ಇನ್ಯಾರಾದರೂ ಶುರು ಮಾಡಲಿ ಅಂತ ಎಲ್ಲರೂ ಕಾಯುತ್ತಾರೆ. ಕೊನೆಗೆ ಇಬ್ಬರು ಒಟ್ಟಿಗೇ ಬಾಯಿ ತೆಗೆಯುತ್ತಾರೆ. ‘ನೀವು ಹೇಳಿ’, ‘ಇಲ್ಲ ಇಲ್ಲ, ನೀವೇ ಹೇಳಿ’. ಆಮೇಲೆ ಇಬ್ಬರೂ ಹೇಳುವುದಿಲ್ಲ. ‘ನಿಮ್ಮ ಕಡೆ ಮಳೆನಾ?’ ‘ಇಲ್ಲ.’ ಮುಗೀತು.

ಇದೆಲ್ಲ ಯಾಕೆ ಬೇಕು ಅಂತ ಕೇಳಿದ್ದಕ್ಕೆ ಎಚ್ಆರ್ ಮೇಡಂ ಒಂದು ಸಂಶೋಧನೆಯ ಲಿಂಕ್ ಕಳಿಸಿದರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಅಲೆನ್ ಅನ್ನುವವರು 1970ರ ದಶಕದಲ್ಲೇ ಬರೆದಿದ್ದಾರೆ: ಮೇಜುಗಳ ನಡುವಿನ ದೂರ ಹೆಚ್ಚಿದಷ್ಟೂ ಎಂಜಿನಿಯರುಗಳ ಮಾತುಕತೆ ಕಡಿಮೆಯಾಗುತ್ತದೆ, ಸುಮಾರು 50 ಮೀಟರ್ ದಾಟಿದರೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ನಾನಿರುವುದು ಬೆಂಗಳೂರಿನ ಆಫೀಸಿನಿಂದ 300 ಕಿಲೋಮೀಟರಿಗೂ ಜಾಸ್ತಿ ದೂರದಲ್ಲಿ. ಅಲೆನ್ ಲೆಕ್ಕದಲ್ಲಿ ನಾನು ಮೂಕನೇ ಆಗಿರಬೇಕಿತ್ತು.

ಆಗಿಲ್ಲ, ಅದಕ್ಕೆ ಕಾರಣ ನಮ್ಮ ಕಡೆಯ ಮಂಡಕ್ಕಿ ತಿಂಡಿ, ಸುಸ್ಲಾ.

ಒಂದು ರಾತ್ರಿ ಸರ್ವರ್ ಮೇಲೇಳಲು ಎಲ್ಲರೂ ಕಾಯುತ್ತಿದ್ದೆವು. ಆಫೀಸಿನ ಚಾಟ್ ಆ್ಯಪ್ ಟೀಮ್ಸ್‌ನಲ್ಲಿ ಐದು ನಿಮಿಷ ಮೌಸ್ ಮುಟ್ಟದಿದ್ದರೆ ಹೆಸರಿನ ಪಕ್ಕದ ಹಸಿರು ಚುಕ್ಕಿ ಹಳದಿಯಾಗುತ್ತದಲ್ಲ, ಬಚ್ಚಲಿಗೆ ಹೋಗಿ ಬಂದರೂ ಊರಿಗೇ ಡಂಗುರ. ಅದಕ್ಕೇ ಗ್ರೂಪಿನಲ್ಲಿ ಹಾಕಿದೆ: ‘ಸುಸ್ಲಾ ತಿಂದು ಬರ್ತೀನಿ.’ ದಾವಣಗೆರೆಯ ಸಾಫ್ಟ್‌ವೇರ್ ಟೆಸ್ಟರ್ ಒಬ್ಬನಿದ್ದಾನೆ, ತಪ್ಪು (ಬಗ್) ಸಿಕ್ಕರೂ ಎರಡೇ ಪದ ಬರೆಯುವವನು. ‘ಮಂಡಕ್ಕಿ ನೆನೆಸ್ತೀರಾ?’ ಅಂತ ಕೇಳಿದ.

ನೆನೆಸದೆ ಇನ್ನೇನು? ಮಂಡಕ್ಕಿಯನ್ನು ನೀರಿಗೆ ಹಾಕಿ, ಎರಡೂ ಅಂಗೈ ನಡುವೆ ಒತ್ತಿ ಹಿಂಡಿ, ಅಗಲ ತಟ್ಟೆಗೆ ಉದುರಿಸಬೇಕು. ಶೇಂಗಾ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಹಾಕಿದ ಒಗ್ಗರಣೆ ಅಷ್ಟೊತ್ತಿಗೆ ಸಿದ್ಧವಿರಬೇಕು. ಜಾಸ್ತಿ ಹೊತ್ತು ಬಿಟ್ಟರೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ, ಸರಿಯಾಗಿ ಹಿಂಡದಿದ್ದರೆ ಬಾಣಲೆಯಲ್ಲಿ ನೀರು ಬಿಡುತ್ತದೆ. ಇಷ್ಟು ಬರೆದೆ. ‘ನೆನೆಸಿದ್ರೆ ಮಂಡಕ್ಕಿ ಸತ್ತೋಗುತ್ತಲ್ರೀ’ ಅಂದ ಆತ. ಅಲ್ಲಿಗೆ ಹತ್ತಿಕೊಂಡಿತು. ವರ್ಷದಿಂದ ಜೊತೆಗಿದ್ದ ಹುಡುಗಿ ರಾಯಚೂರಿನವಳು ಅಂತ ನನಗೆ ಗೊತ್ತಾಗಿದ್ದೇ ಆಗ. ಹುಣಸೆ ರಸ ಬಿಟ್ಟು ಟೊಮೆಟೊ ಹಾಕುವವರ ಮನೆಯಲ್ಲಿ ತಾನು ಊಟ ಮಾಡುವುದಿಲ್ಲ ಅಂದಳು. ಎಲ್ಲ ಮೀಟಿಂಗಿನಲ್ಲೂ ಮ್ಯೂಟ್ ಆಗಿರುವ ಕೋಲ್ಕತ್ತಾದ ಹುಡುಗ, ಅವರ ಕಡೆ ಮಂಡಕ್ಕಿಗೆ ಹಸಿ ಸಾಸಿವೆ ಎಣ್ಣೆ ಕಲಸುತ್ತಾರೆ ಅಂತ ಫೋಟೊ ಸಮೇತ ಹಾಕಿದ. ಎಲ್ಲರೂ ಕೂಡಿ ಅವನ ಮೇಲೆ ಬಿದ್ದೆವು. ಮ್ಯಾನೇಜರ್ ಅಂತೂ ಹೊಸಪೇಟೆ ಕಡೆಯ ತಮ್ಮ ತಾಯಿಗೆ ಆ ಹೊತ್ತಿನಲ್ಲಿ ಫೋನ್ ಹಚ್ಚಿ, ‘ಅಮ್ಮನೂ ಹಿಂಡ್ತಾರಂತೆ’ ಅಂತ ತೀರ್ಪು ಕೊಟ್ಟರು. ಸರ್ವರ್ ಎದ್ದು ಎಷ್ಟು ಹೊತ್ತಾಗಿತ್ತೋ, ಯಾರೂ ನೋಡಿರಲಿಲ್ಲ.

ಬೆಳಿಗ್ಗೆ ಎಚ್ಆರ್ ಮೇಡಂ ಇದನ್ನೆಲ್ಲ ಓದಿದರು. ಖುಷಿಪಟ್ಟರು. ಅದೇ ಎಡವಟ್ಟಾಯಿತು. ಮಧ್ಯಾಹ್ನದೊಳಗೆ ‘ನಮ್ಮ ರುಚಿ’ ಅಂತ ಬೇರೆ ಗುಂಪು ತಯಾರು. ಪ್ರತಿಯೊಬ್ಬರೂ ಒಂದು ಅಡುಗೆ ವಿಧಾನ ಹಾಕಬೇಕು, ಚೆನ್ನಾಗಿರುವುದಕ್ಕೆ ಕೂಪನ್ ಬಹುಮಾನ. ಅಡುಗೆ ಮಾತು ಇನ್ನು ಅಲ್ಲೇ ಆಡಬೇಕು, ಕೆಲಸದ ಗ್ರೂಪಿನಲ್ಲಿ ಬೇಡ. ಅಲ್ಲಿ ಈಗ ಮೇಡಂ ಹಾಕಿದ ಕೇಕಿನ ಚಿತ್ರವೊಂದಿದೆ, ಅದರ ಕೆಳಗೆ ಸಾಲಾಗಿ ಹೆಬ್ಬೆರಳು.

ಇವರಿಗೆ ಒಂದು ಮಾತು ಹೇಳಬೇಕು ಅಂತ ಬಹಳ ಸಲ ಅನ್ನಿಸಿದೆ. ಹೇಳಿದರೆ ಅದಕ್ಕೂ ಒಂದು ಫೀಡ್‌ಬ್ಯಾಕ್ ಫಾರ್ಮ್ ಕಳಿಸುತ್ತಾರೆ, ನಕ್ಷತ್ರ ಒತ್ತಬೇಕು. ಬೇಡ ಬಿಡಿ.

ದಾವಣಗೆರೆಯವನು ಮಾತ್ರ ನನ್ನ ವಾಟ್ಸ್ಆ್ಯಪ್‌ಗೇ ಬಂದು ಜಗಳ ಮುಂದುವರಿಸಿದ್ದಾನೆ. ಪುಟಾಣಿ (ಹುರಿಗಡಲೆ) ಪುಡಿಯನ್ನು ಒಲೆ ಮೇಲಿರುವಾಗಲೇ ಹಾಕಬೇಕಂತೆ. ಒಲೆ ಆರಿಸಿದ ಮೇಲೆ ಮೇಲಿಂದ ಉದುರಿಸಬೇಕು ಅಂತ ನಾನು. ಅಲ್ರೀ, ಮಂಡಕ್ಕಿಯನ್ನೇ ನೆನೆಸದವನಿಗೆ ಪುಡಿಯ ಬಗ್ಗೆ ಮಾತಾಡುವ ಹಕ್ಕು ಎಲ್ಲಿಂದ ಬಂತು?