ಬಂದವರನ್ನ ವಿಚಾರಿಸಿಕೊಂಡ್ರಾ?

ನಮ್ಮ ಮಂಡ್ಯ ಕಡೆ ಮದುವೆ ಮುಗಿದ ಮೇಲೆ ಪಾಯಸ ತೆಳ್ಳಗಿತ್ತು, ಛತ್ರದಲ್ಲಿ ನೀರಿರಲಿಲ್ಲ ಅನ್ನೋ ದೂರು ಎರಡು ದಿನ ಇರುತ್ತೆ. 'ನಮ್ಮನ್ನ ಯಾರೂ ವಿಚಾರಿಸಲೇ ಇಲ್ಲ' ಅನ್ನೋ ದೂರು ಇಪ್ಪತ್ತು ವರ್ಷ ಬಾಳುತ್ತೆ. ನಮ್ಮ ಚಿಕ್ಕಪ್ಪ ಒಬ್ಬರು ಅದೇ ಸಿಟ್ಟಿಗೆ ಒಂದು ಮನೆ ಹೊಸ್ತಿಲು ಇವತ್ತಿಗೂ ತುಳಿದಿಲ್ಲ. (ಆವತ್ತು ಅವರು ಎರಡು ಪಂಕ್ತೀಲಿ ಕೂತು ಉಂಡಿದ್ದರು ಅನ್ನೋದು ಬೇರೆ ಮಾತು.)

ಕಾರ್ಯಕ್ರಮ ನಡೆಸೋರು 'ಆಡಿಯೆನ್ಸ್ ಎಂಗೇಜ್‌ಮೆಂಟ್' ಅಂದಾಗೆಲ್ಲ ನನಗೆ ಈ ಚಿಕ್ಕಪ್ಪ ನೆನಪಾಗ್ತಾರೆ. ಅದಕ್ಕೆ ನಮ್ಮಲ್ಲಿ ಮೊದಲಿಂದಲೂ ಒಂದು ಮಾತಿದೆ: ವಿಚಾರಿಸಿಕೊಳ್ಳೋದು.

ಹೋದ ವರ್ಷ ಮೈಸೂರಲ್ಲಿ ನಾವು ಓದಿದ ಕಾಲೇಜಿನ ಹಳೇ ವಿದ್ಯಾರ್ಥಿಗಳ ಸಮಾವೇಶ. ಬರಲಾಗದವರು ಮನೆಯಿಂದಲೇ ಭಾಗವಹಿಸಬಹುದು, ಇದು 'ಹೈಬ್ರಿಡ್' ಅಂತ ಆಹ್ವಾನ ಪತ್ರಿಕೆಯಲ್ಲೇ ಅಚ್ಚಾಗಿತ್ತು. ಲ್ಯಾಪ್‌ಟಾಪ್ ಜವಾಬ್ದಾರಿ ನನ್ನದು. ವೇದಿಕೆ ಮೇಲೆ ಹನ್ನೊಂದು ಜನ. ಒಬ್ಬೊಬ್ಬರಿಗೂ ಮೈಸೂರು ಪೇಟ, ಶಾಲು, ಹಾರ, ಫಲತಾಂಬೂಲ. ಸನ್ಮಾನಕ್ಕೇ ಒಂದೂವರೆ ಗಂಟೆ ಹೋಯ್ತು. ಕ್ಯಾಮೆರಾನ ಸಭಾಂಗಣದ ಕಟ್ಟಕಡೆಗೆ ಇಟ್ಟಿದ್ವಿ. ಮೈಕಿನ ಮಿಕ್ಸರ್‌ನಿಂದ ಒಂದು ವೈರ್ ಎಳೆದು ಲ್ಯಾಪ್‌ಟಾಪಿಗೆ ಸಿಕ್ಕಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಮನೇಲಿ ಕೂತು ನೋಡಿದವರಿಗೆ ಕೇಳಿಸಿದ್ದು ಫ್ಯಾನಿನ ಸದ್ದು, ಹಿಂದಿನ ಸಾಲಿನವರ ಕೆಮ್ಮು.

ಮಂಡಿ ಆಪರೇಷನ್ ಆಗಿ ಮಳವಳ್ಳಿಯ ಮನೇಲಿದ್ದ ನಮ್ಮ ಕನ್ನಡ ಮೇಷ್ಟ್ರು ಮೊಬೈಲಲ್ಲಿ ನೋಡ್ತಿದ್ರು. ಚಾಟ್‌ನಲ್ಲಿ ಅವರು ಬರೆದದ್ದು ನನ್ನ ಕಣ್ಣಿಗೆ ಬಿದ್ದಿದ್ದು ಮಾರನೇ ದಿನ. 'ಎಲ್ಲರಿಗೂ ನಮಸ್ಕಾರ.' ಹತ್ತು ನಿಮಿಷ ಬಿಟ್ಟು, 'ಮಾತು ಕೇಳಿಸ್ತಿಲ್ಲ.' ಆಮೇಲೆ, 'ಯಾರಾದ್ರೂ ಇದೀರಾ?' ಆ ಹೊತ್ತಲ್ಲಿ ನಾನು ಗ್ರೂಪ್ ಫೋಟೋಗೆ ಹಲ್ಲು ಕಿರಿದುಕೊಂಡು ನಿಂತಿದ್ದೆ. ಫೋನ್ ಮಾಡಿ ಕ್ಷಮೆ ಕೇಳಿದೆ. "ಬಿಡಪ್ಪಾ, ಎಲ್ಲರ ಬೆನ್ನೂ ಚೆನ್ನಾಗಿ ಕಾಣ್ತಿತ್ತು" ಅಂದ್ರು. ಬೈದಿದ್ರೆ ಚೆನ್ನಾಗಿರ್ತಿತ್ತು.

ದೊಡ್ಡ ಕಾರ್ಯಕ್ರಮಗಳಲ್ಲಿ ಒಬ್ಬೊಬ್ಬರನ್ನೂ ಎಲ್ಲಿ ವಿಚಾರಿಸೋಕಾಗುತ್ತೆ ಅಂತ ಕೇಳಬಹುದು. 2020ರಲ್ಲಿ ಕೊರೊನಾ ಕಾರಣ ಜಂಬೂಸವಾರಿ ಅರಮನೆ ಆವರಣದೊಳಗೇ ಮುಗೀತು, ಊರೆಲ್ಲ ಟಿವೀಲಿ ನೋಡ್ತು. ಅಭಿಮನ್ಯು ಅನ್ನೋ ಆನೆ ಮೊದಲ ಸಲ 750 ಕೆಜಿ ಅಂಬಾರಿ ಹೊತ್ತ ವರ್ಷ ಅದು. ನಾನು ಹುಟ್ಟಿದಾಗಿನಿಂದ ಆನೆಯ ಕಣ್ಣನ್ನ ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ಆದ್ರೂ ಸಯ್ಯಾಜಿರಾವ್ ರಸ್ತೇಲಿ ಬೆಳಿಗ್ಗೆಯಿಂದ ಜಾಗ ಹಿಡಿದು, ಕಡ್ಲೆಕಾಯಿ ತಿಂದು, ಪಕ್ಕದವರ ಮಗೂನ ಹೆಗಲಿಗೇರಿಸಿಕೊಂಡು ನಿಲ್ಲೋ ದಸರಾ ಆ ಪರದೇಲಿ ಇರಲಿಲ್ಲ. ಇರೋಕೂ ಸಾಧ್ಯವಿಲ್ಲ. ದೂರದಲ್ಲಿರೋರಿಗೆ ಸಭಾಂಗಣದ ಜೆರಾಕ್ಸ್ ಕಾಪಿ ಕಳಿಸೋ ಬದಲು, ಆನೆಯ ಕಣ್ಣಿನ ಹಾಗೆ, ಅಲ್ಲಿಂದಲೇ ಚೆನ್ನಾಗಿ ಕಾಣೋದನ್ನ ಕೊಡಬೇಕು ಅಂತ ನನಗನ್ನಿಸಿದ್ದು ಆವತ್ತು.

30 ವರ್ಷದ ಮೇಲೆ, 2024ರ ಡಿಸೆಂಬರಲ್ಲಿ, ಮಂಡ್ಯಕ್ಕೆ ಸಾಹಿತ್ಯ ಸಮ್ಮೇಳನ ಬಂದಾಗ ಬಾಡೂಟ ಬೇಕು ಅಂತ ಗಲಾಟೆ ಆಗಿ, ಕೊನೇ ದಿನ ಊಟಕ್ಕೆ ಮೊಟ್ಟೆ ಬಂತಲ್ಲ, ಅದನ್ನ ತಮಾಷೆ ಮಾಡಿದವರೇ ಹೆಚ್ಚು. ನೆಂಟರು ನಮ್ಮೂರಿಗೆ ಬಂದಾಗ ನಮ್ಮೂಟ ಇಕ್ಕಬೇಕು ಅನ್ನೋ ಹಟ ಅದು. ನನಗಂತೂ ಅರ್ಥವಾಯ್ತು.

ಈ ವರ್ಷ ನಮ್ಮ ಬ್ಯಾಚಿನವರಷ್ಟೇ ಸೇರಿದ್ವಿ. ಸಭಾಂಗಣದಲ್ಲಿ ಅರವತ್ತು ಜನ, ಪರದೆಯಲ್ಲಿ ಮೂವತ್ತು. ಸನ್ಮಾನ ಪೂರ್ತಿ ಕೈಬಿಟ್ವಿ, ಅದಕ್ಕೆ ಇಬ್ಬರು ಮುನಿಸಿಕೊಂಡ್ರು. ಬ್ಯಾಡ್ಜ್ ಮೇಲೆ ಹೆಸರಿನ ಕೆಳಗೆ ಆಗಿನ ಅಡ್ಡಹೆಸರನ್ನೂ ಹಾಕಿಸಿದ್ವಿ. ಈಗ ದೊಡ್ಡ ಅಧಿಕಾರಿಯಾಗಿರೋ 'ಕಡುಬು' ಮೊದಲು ಅದನ್ನ ಜೇಬಿಗೆ ತುರುಕಿದ. ಕಾಫಿ ಮುಗಿಯೋ ಹೊತ್ತಿಗೆ ತಾನೇ ಎದೆಗೆ ಚುಚ್ಚಿಕೊಂಡ. ಯೂಟ್ಯೂಬ್ ಲೈವ್ ಅಂದ್ರೆ ಇಲ್ಲಿನ ಮಾತು ಅಲ್ಲಿಗೆ ಹೋಗೋದು ಎಷ್ಟೋ ಸೆಕೆಂಡು ತಡ, ಅವರು ನಗೋ ಹೊತ್ತಿಗೆ ನಾವು ಮುಂದಿನ ಮಾತಿಗೆ ಹೋಗಿರ್ತೀವಿ. ಅದಕ್ಕೇ ಝೂಮ್ ಮೀಟಿಂಗ್ ಇಟ್ವಿ. ಜನ ಸೇರಿದ ಕಡೆ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತೆ ಅಂತ ಕೇಬಲ್ ಇಂಟರ್ನೆಟ್ಟು, ಮಿಕ್ಸರಿಂದ ವೈರು. ಹಿಂದಿನ ದಿನವೇ ಆ ಮೂವತ್ತು ಜನಕ್ಕೂ ಫೋನ್ ಮಾಡಿದ್ವಿ.

ಎಲ್ಲಕ್ಕಿಂತ ಕೆಲಸಕ್ಕೆ ಬಂದಿದ್ದು ಸ್ನೇಹಿತೆಯೊಬ್ಬಳ ಮಗಳು. ಪರದೆಯವರ ಪರವಾಗಿ ಬಾಯಿ ಬಿಡೋದಷ್ಟೇ ಅವಳ ಕೆಲಸ. "ಅಂಕಲ್, ಒಂದ್ನಿಮಿಷ, ಶಿರಸಿಯಿಂದ ಒಬ್ರು ಏನೋ ಹೇಳ್ಬೇಕಂತೆ" ಅಂತ ನಿರೂಪಕನನ್ನೇ ನಿಲ್ಲಿಸ್ತಿದ್ಲು. ಊಟದ ಹೊತ್ತಲ್ಲಿ ಟ್ಯಾಬ್ ಹಿಡ್ಕೊಂಡು ಎಲೆಯಿಂದ ಎಲೆಗೆ ಓಡಾಡಿದ್ಲು. ದುಬೈನವನು ಪರದೆಯಿಂದಲೇ "ನನ್ನ ಎಲೆಗೆ ಕೋಸಂಬರಿ ಬಂದೇ ಇಲ್ವಲ್ಲೋ" ಅಂತ ಜಗಳ ತೆಗೆದ. ಎಡವಟ್ಟೂ ಆಯ್ತು ಅನ್ನಿ. ಅಂಚೇಲಿ ಕಳಿಸಿದ ಮೈಸೂರು ಪಾಕ್ ಧಾರವಾಡ ತಲುಪೋವಷ್ಟರಲ್ಲಿ ಪುಡಿ. "ಪೇಢಾ ಊರಿಗೆ ಸಿಹಿ ಕಳಿಸಿದ್ದಕ್ಕೆ ಹಂಗ ಆಗಬೇಕು" ಅಂದ ಅಲ್ಲಿಯ ಗೆಳೆಯ.

ಮೇಷ್ಟ್ರಿಗೆ ಮೊದಲ ಮಾತು. ಭಾಷಣ ಮಾಡ್ತಾರೆ ಅಂದ್ಕೊಂಡ್ರೆ, ಕನ್ನಡಕ ಸರಿ ಮಾಡಿಕೊಂಡು "ಹಾಜರಿ ತಗೊಳ್ಳಲೇನ್ರಪ್ಪಾ?" ಅಂದ್ರು. ಪುಸ್ತಕ ಇಲ್ಲ, ನೆನಪಿನಿಂದಲೇ ಒಂದೊಂದು ಹೆಸರು. ಸಭಾಂಗಣದಲ್ಲಿದ್ದವರು ಎದ್ದು ನಿಂತು "ಬಂದಿದೀನಿ ಸಾರ್" ಅಂದ್ರು, ಪರದೆಯಲ್ಲಿದ್ದವರೂ ಅಲ್ಲಲ್ಲೇ ಎದ್ದರು. ತೀರಿಕೊಂಡ ಇಬ್ಬರ ಹೆಸರನ್ನೂ ಕರೆದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ಹೆಸರಿಗೆ ಹೋದ್ರು. ಮ್ಯೂಟ್ ತೆಗೆಯೋದು ಮರೆತು ಬಾಯಿ ಆಡಿಸ್ತಾ ಇದ್ದ ದುಬೈನವನಿಗೆ ಮಾತ್ರ ಆಬ್ಸೆಂಟ್ ಬಿತ್ತು.