ಬರ್ರಿ, ನೋಡ್ರಿ, ಹಸಿರು ಹೊಳೆಯಾಕತ್ತೈತಿ!

ಮೇ ತಿಂಗಳ ವಿಜಯಪುರದಲ್ಲಿ ಮಾಳಿಗೆ ಮೇಲಿನ ಸಂಡಿಗೆಯಷ್ಟೇ ಸಲೀಸಾಗಿ ಸ್ಲೈಡ್ ಮೇಲಿನ ಆ್ಯಂಟಿಬಾಡಿಯೂ ಒಣಗುತ್ತದೆ. ಆ್ಯಂಟಿಬಾಡಿ ಎಂದರೆ ತನಗೆ ಗೊತ್ತಿರುವ ರೋಗಾಣುವನ್ನೇ ಹುಡುಕಿ ಅಂಟಿಕೊಳ್ಳುವ ಪ್ರೋಟೀನು; ಅದಕ್ಕೆ ಹೊಳೆಯುವ ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಗುರುತಿಸುವುದು ಲ್ಯಾಬಿನ ಕೆಲಸ. ಸಂಡಿಗೆ ಒಣಗಿದರೆ ಮನೆಮಂದಿಗೆ ಖುಷಿ. ಆ್ಯಂಟಿಬಾಡಿ ಒಣಗಿದರೆ ಹನಿಯ ಅಂಚೆಲ್ಲ ಹಸಿರಾಗಿ ಹೊಳೆದು, ಬ್ಯಾಕ್ಟೀರಿಯಾ ಯಾವುದು, ಕಲೆ ಯಾವುದು ಗೊತ್ತಾಗದು. 1941ರಲ್ಲಿ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು ಹೊಳೆಯುವ ಆ್ಯಂಟಿಬಾಡಿ ತಯಾರಿಸಿದ್ದು ಅಮೆರಿಕದಲ್ಲಿ. ನಮ್ಮ ಬಿಸಿಲಿನ ಲೆಕ್ಕ ಅವರಿಗೆಲ್ಲಿಂದ ಬರಬೇಕು?

ಕೆಲಸ ಸಣ್ಣದೇ. ಸ್ಲೈಡಿಗೆ ತೆಳ್ಳಗೆ ಸವರಿದ ಮಾದರಿಯನ್ನು, ಅಂದರೆ ಸ್ಮಿಯರನ್ನು, ಗಾಳಿಗೆ ಒಣಗಿಸಿ, ತಣ್ಣನೆಯ ಅಸಿಟೋನಿನಲ್ಲಿ 10 ನಿಮಿಷ ಅದ್ದಿ, ಎಫ್‌ಐಟಿಸಿ ಎಂಬ ಹಸಿರಾಗಿ ಹೊಳೆಯುವ ಬಣ್ಣ ಕಟ್ಟಿದ ಆ್ಯಂಟಿಬಾಡಿ 30 ಮೈಕ್ರೋಲೀಟರ್ ಹಾಕಿ, 37 ಡಿಗ್ರಿಯಲ್ಲಿ ಅರ್ಧ ತಾಸು ಇಡುವುದು. "ಹೊರಗ 42 ಐತಿ, ಇನ್‌ಕ್ಯುಬೇಟರ್ ಯಾಕ್ರೀ?" ಎನ್ನುವವರು ಪ್ರತಿ ಲ್ಯಾಬಿನಲ್ಲೂ ಒಬ್ಬರಿರುತ್ತಾರೆ. ಬಿಸಿಯೊಂದೇ ಸಾಲದು, ತೇವವೂ ಬೇಕು. ಮುಚ್ಚಳದ ಡಬ್ಬಿ, ತಳಕ್ಕೆ ಒದ್ದೆ ಟಿಶ್ಯೂ, ಅದರ ಮೇಲೆ ಎರಡು ಕಡ್ಡಿ, ಕಡ್ಡಿಗಳ ಮೇಲೆ ಸ್ಲೈಡ್. ಬುತ್ತಿ ಡಬ್ಬಿಯೂ ನಡೆದೀತು; ಆದರೆ ಒಮ್ಮೆ ಲ್ಯಾಬು ಸೇರಿದ ಡಬ್ಬಿಗೆ ಮತ್ತೆ ರೊಟ್ಟಿಯ ಯೋಗವಿಲ್ಲ.

ಆಮೇಲೆ ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ಐದೈದು ನಿಮಿಷ, ಮೂರು ಸಲ ತೊಳೆಯಬೇಕು. ಮೂರನೆಯದು ಚಹಾ ಹೊತ್ತಿಗೇ ಬರುತ್ತದೆ, ಹಾಗಾಗಿ ತಪ್ಪುತ್ತದೆ. ಪರೋಕ್ಷ ವಿಧಾನದಲ್ಲಂತೂ ಬ್ಯಾಕ್ಟೀರಿಯಾಗೆ ಅಂಟುವ ಮೊದಲ ಆ್ಯಂಟಿಬಾಡಿಗೆ ಬಣ್ಣವಿಲ್ಲ; ಬಣ್ಣವಿರುವುದು ಅದನ್ನು ಹಿಡಿಯುವ ಎರಡನೇ ಆ್ಯಂಟಿಬಾಡಿಗೆ. ಒಂದರ ಮೇಲೆ ಹಲವು ಬಂದು ಕೂರುತ್ತವೆ. ಗೋಳಗುಮ್ಮಟದೊಳಗೆ ಪಿಸುಗುಟ್ಟಿದಂತೆ ಅದು: ತೊಳೆಯದೆ ಉಳಿದದ್ದೂ ಏಳು ಸಲ ಕೇಳಿಸುತ್ತದೆ.

ಇನ್ನು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಕರೆಯದ ಮದುವೆಗೆ ಬಂದು ಮೊದಲ ಪಂಕ್ತಿಯಲ್ಲೇ ಕೂರುವ ಬೀಗ. ಅದರ ಗೋಡೆಯ ಪ್ರೋಟೀನ್ ಎ, ಬೇರೆ ಬ್ಯಾಕ್ಟೀರಿಯಾಗಾಗಿ ಮೊಲದಲ್ಲಿ ತಯಾರಾದ ಆ್ಯಂಟಿಬಾಡಿಯನ್ನೂ ಬಾಲ ಹಿಡಿದು ಎಳೆದುಕೊಳ್ಳುತ್ತದೆ. ಅದಕ್ಕೇ ಪಕ್ಕದಲ್ಲೊಂದು ಸ್ಲೈಡಿಗೆ, ಯಾವ ಲಸಿಕೆಯನ್ನೂ ಕಾಣದ ಮೊಲದ ಆ್ಯಂಟಿಬಾಡಿಗೆ ಬಣ್ಣ ಕಟ್ಟಿ ಹಾಕಬೇಕು. ಅಲ್ಲೂ ಹೊಳೆದರೆ ವರದಿ ಬರೆಯುವ ಪೆನ್ನು ಕೆಳಗಿಡಿ.

ಸ್ಲೈಡಿಗೆ ಗಾಜು ಮುಚ್ಚುವಾಗ ಹಾಕುವ ಗ್ಲಿಸರಾಲಿನ ಪಿಎಚ್ 8.5 ದಾಟಿರಲಿ, ಆಮ್ಲವಾದರೆ ಎಫ್‌ಐಟಿಸಿ ಮಂಕು. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಸೂಕ್ಷ್ಮದರ್ಶಕದ ಪಾದರಸದ ದೀಪ ಆರಿತೆಂದರೆ ತಣ್ಣಗಾಗದೆ ಮತ್ತೆ ಹಚ್ಚುವಂತಿಲ್ಲ, ಅರ್ಧ ತಾಸು ಹೋಯಿತು. ಸ್ಲೈಡಿಗೇನೂ ಬೇಸರವಿಲ್ಲ, ಕತ್ತಲೆಯೇ ಅದರ ತವರು.

ಅದರ ಕಷ್ಟ ಶುರುವಾಗುವುದು ದೀಪ ಹತ್ತಿದ ಮೇಲೆ. ಬಣ್ಣ ನೋಡನೋಡುತ್ತಲೇ ಮಾಸುತ್ತದೆ. ಮೊದಲು ಫೋಟೊ ತೆಗೆಯಬೇಕು. ತೆಗೆಯದೆ "ಬರ್ರಿ, ನೋಡ್ರಿ" ಎಂದು ಕೂಗಿದರೆ ಮೊದಲನೆಯವರು "ಭಾರೀ ಐತ್ರೀ" ಎನ್ನುತ್ತಾರೆ, ಎರಡನೆಯವರು ಕಣ್ಣು ಕಿರಿದು ಮಾಡುತ್ತಾರೆ, ಮೂರನೆಯವರು ಕನ್ನಡಕ ಒರೆಸಿಕೊಂಡು ಕೂರುತ್ತಾರೆ: "ಎಲ್ಲೈತ್ರೀ? ಏನೂ ಕಾಣವಲ್ದಲ್ರೀ!"